ಪ್ಯಾಲೇಸ್ ಗ್ರೌಂಡ್ಸ್‌ನಿಂದ ನೆರೂಳ್‌ವರೆಗೆ: ವರ್ಲ್ಡ್ ಟೂರ್‌ಗಳು ಬೆಂಗಳೂರಿಗೆ ಯಾಕೆ ಬರ್ತಿದ್ವು, ಯಾಕೆ ಕಮ್ಮಿಯಾದ್ವು?

ಈ ವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರಹ ರೂಪದಲ್ಲಿ ಹಾಕ್ತಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ನಾನಿರೋದು ದೇಹೂ ರೋಡ್‌ನಲ್ಲಿ ಅಂತ ಹಳೇ ವೀಕ್ಷಕರಿಗೆ ಗೊತ್ತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಪುಣೆ ಕಡೆ ಮುಗಿಯೋದು ಇಲ್ಲೇ ಪಕ್ಕದ ಕಿವಳೆಯಲ್ಲಿ. ಅಲ್ಲಿಂದಲೇ ಬೈಪಾಸ್ ಹಿಡಿದರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ ದಾಟಿ ಸೀದಾ ಬೆಂಗಳೂರು. ಹಾಗಾಗಿ 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬ್ಯಾಂಡ್ ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಬಂದಾಗ, ಬೆಂಗಳೂರಿನ ಗೆಳೆಯರಿಗೆ ನಮ್ಮ ಮನೆ ಒಂದು ರೀತಿ ಛತ್ರ ಆಯ್ತು. ಅವರಲ್ಲೊಬ್ಬ ಚಹಾ ಕುಡೀತಾ ಕೇಳಿದ: "ಅಲ್ಲ ಮಾರಾಯ, ಮೆಟಾಲಿಕಾನೇ ನಮ್ಮೂರಿಗೆ ಬಂದಿತ್ತು. ಈಗ ನಾವು ಸಾವಿರ ಕಿಲೋಮೀಟರ್ ಡ್ರೈವ್ ಮಾಡ್ಕೊಂಡು ಬರಬೇಕಾ?"

ಪ್ರಶ್ನೆ ಸಣ್ಣದು. ಆದರೆ ಉತ್ತರ ಹುಡುಕ್ತಾ ಹೋದರೆ ಅರಮನೆ, ಕೋರ್ಟು, ವಿಮಾನ, ತೆರಿಗೆ ಎಲ್ಲಾ ಬರುತ್ತೆ. ಬೆಂಗಳೂರನ್ನು ರಾಕ್ ಸಂಗೀತದ ರಾಜಧಾನಿ ಅಂತ ನಾವು ಎದೆ ತಟ್ಟಿಕೊಂಡು ಹೇಳ್ತಿದ್ದ ಕಾಲ ಒಂದಿತ್ತಲ್ಲ, ಅದು ಹೇಗೆ ಬಂತು ಅನ್ನೋದು ಗೊತ್ತಾದರೆ ಹೇಗೆ ಹೋಯ್ತು ಅನ್ನೋದೂ ಗೊತ್ತಾಗುತ್ತೆ.

ಮೊದಲು ವರ್ಲ್ಡ್ ಟೂರ್ ಅಂದ್ರೆ ಏನು ಅಂತ ನೋಡೋಣ. ನಾಲ್ಕು ಜನ ಗಿಟಾರ್ ಹಿಡಿದು ವಿಮಾನ ಹತ್ತೋದಲ್ಲ. ಸ್ಟೇಡಿಯಂನಲ್ಲಿ ಕಟ್ಟೋ ವೇದಿಕೆಯ ಉಕ್ಕಿನ ಚೌಕಟ್ಟು ಒಂದೇ ಸೆಟ್ ಇದ್ದರೆ ಕೆಲಸ ನಡೆಯಲ್ಲ, ಅದನ್ನು ಕಟ್ಟೋಕೇ ದಿನಗಟ್ಟಲೆ ಬೇಕು. ಅದಕ್ಕೆ ದೊಡ್ಡ ಬ್ಯಾಂಡ್‌ಗಳು ಎರಡು ಮೂರು ಸೆಟ್ ಇಟ್ಟುಕೊಂಡಿರ್ತವೆ. ಒಂದು ಊರಲ್ಲಿ ಹಾಡು ನಡೀತಿರುವಾಗ ಮುಂದಿನ ಊರಲ್ಲಿ ಇನ್ನೊಂದು ಸೆಟ್ ಏಳ್ತಿರುತ್ತೆ. ಲೈಟು, ಸೌಂಡು, ಪರದೆಗಳು ಮಾತ್ರ ಬ್ಯಾಂಡ್ ಜೊತೆ ಓಡಾಡ್ತವೆ.

ದೇಹೂನಲ್ಲಿರೋರಿಗೆ ಇದು ಹೊಸದೇನಲ್ಲ. ಪ್ರತಿ ವರ್ಷ ಜ್ಯೇಷ್ಠ ಮಾಸದಲ್ಲಿ ತುಕಾರಾಮರ ಪಾಲ್ಕಿ ಇಲ್ಲಿಂದ ಪಂಢರಪುರಕ್ಕೆ ಹೊರಡುತ್ತೆ. ಅವರ ಮಗ ನಾರಾಯಣ ಮಹಾರಾಜರು 1685ರಲ್ಲಿ ಶುರುಮಾಡಿದ್ದು. ರಥದ ಮುಂದೆ ಯಾವ ದಿಂಡಿ, ಹಿಂದೆ ಯಾವ ದಿಂಡಿ, ಎಲ್ಲಕ್ಕೂ ನಂಬರ್ ಇದೆ. ವಾರಕರಿಗಳು ನಡೀತಿರುವಾಗಲೇ ಅಡುಗೆ ಸಾಮಾನಿನ ಲಾರಿ, ನೀರಿನ ಟ್ಯಾಂಕರ್ ಮುಂದಿನ ತಂಗುದಾಣಕ್ಕೆ ಹೋಗಿ ಒಲೆ ಹಚ್ಚಿರ್ತವೆ. ಸ್ಟೇಡಿಯಂ ಟೂರಿನ ಲೆಕ್ಕವೂ ಇದೇ. ಒಂದು ವ್ಯತ್ಯಾಸ ಏನಂದ್ರೆ, ಪಂಢರಪುರದ ವಿಠ್ಠಲ ಎಲ್ಲಿದ್ದಾನೋ ಅಲ್ಲಿಗೇ ಹೋಗಬೇಕು. ಬ್ಯಾಂಡ್‌ಗೆ ಆ ಬಂಧನ ಇಲ್ಲ. ದಾರಿ ಕಷ್ಟ ಆದರೆ ಆ ಊರನ್ನೇ ಬಿಟ್ಟು ಮುಂದೆ ಹೋಗುತ್ತೆ.

ಭಾರತವನ್ನು ಹೀಗೆ ಬಹಳ ವರ್ಷ ಬಿಟ್ಟೇ ಹೋಗಿದ್ದರು. ನಮ್ಮ ರೂಪಾಯಿಯನ್ನು ಸುಲಭವಾಗಿ ಡಾಲರ್ ಮಾಡಿಕೊಂಡು ಹೋಗೋ ಹಾಗಿರಲಿಲ್ಲ. ಸಲಕರಣೆ ಇಲ್ಲಿ ಬಾಡಿಗೆಗೆ ಸಿಗ್ತಿರಲಿಲ್ಲ, ಹೊರಗಿಂದ ತಂದರೆ ಕಸ್ಟಮ್ಸ್‌ನಲ್ಲಿ ಕೂರಬೇಕು. ಇಂಥ ಕಾಲದಲ್ಲಿ, 1980ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ದಿ ಪೊಲೀಸ್ ಬ್ಯಾಂಡ್ ಬಾಂಬೆಗೆ ಬಂತು. ಸ್ಟಿಂಗ್ ಇದ್ದ ಬ್ಯಾಂಡ್. ರಾಕ್ ತಂಡಗಳು ಸಾಮಾನ್ಯವಾಗಿ ಹೋಗದ ಊರುಗಳಿಗೇ ಹೋಗೋಣ ಅನ್ನೋದು ಅವರ ಮ್ಯಾನೇಜರ್ ಮೈಲ್ಸ್ ಕೋಪ್‌ಲ್ಯಾಂಡ್‌ರ ಯೋಚನೆ. ಹಾಂಗ್‌ಕಾಂಗ್, ಬಾಂಬೆ, ಕೈರೋ ಹೀಗೆ. ಬಾಂಬೆಯ ರಂಗಭವನದಲ್ಲಿ ಕಾರ್ಯಕ್ರಮ ಮಾಡಿಸಿದ್ದು ಯಾವ ಈವೆಂಟ್ ಕಂಪನಿಯೂ ಅಲ್ಲ, ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ ಅನ್ನೋ ಮಹಿಳೆಯರ ಸಂಸ್ಥೆ. ಧರ್ಮಾರ್ಥಕ್ಕೆ ಹಣ ಕೂಡಿಸೋಕೆ. ಆಗ ಅಂಥ ಕೆಲಸ ಗೊತ್ತಿದ್ದ ಕಂಪನಿಗಳೇ ದೇಶದಲ್ಲಿ ಇರಲಿಲ್ಲ ಅಂತ ಇದರಿಂದಲೇ ತಿಳ್ಕೋಬಹುದು.

(ಇಲ್ಲೇ ಒಂದು ಮಾತು. ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ಪುಣೆಯಿಂದ ನೂರು ಕಿಲೋಮೀಟರ್ ದೂರದ ಪಂಚಗಣಿಯಲ್ಲಿ. ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲಿನ ಶಾಲೆಯಲ್ಲೇ. ಆದರೆ ಕ್ವೀನ್ ಜೊತೆ ಅವರು ಭಾರತದಲ್ಲಿ ಒಂದೇ ಒಂದು ಸಲವೂ ಹಾಡಲಿಲ್ಲ. ಇಲ್ಲೇ ಬೆಳೆದ ಹುಡುಗನಿಗೇ ದಾರಿ ಇರಲಿಲ್ಲ ಅಂದ್ರೆ ಬೇರೆಯವರ ಮಾತು ಬಿಡಿ.)

1991ರ ಉದಾರೀಕರಣದ ನಂತರ ಬಾಗಿಲು ತೆರೀತು. 1996ರ ನವೆಂಬರ್ 1ರಂದು ಮೈಕೆಲ್ ಜಾಕ್ಸನ್ ಮುಂಬೈನ ಅಂಧೇರಿಯಲ್ಲಿ ಹಾಡಿದ್ರು. ಆ ಹಿಸ್ಟರಿ ಟೂರ್‌ನ ಸಾಮಾನು ಸಾಗಿಸೋಕೆ ಆಂಟೊನೋವ್ 124 ಅನ್ನೋ ದೈತ್ಯ ಸರಕು ವಿಮಾನಗಳು ಬೇಕಾಗಿದ್ದವು. ಆಗಿನ ಮಹಾರಾಷ್ಟ್ರ ಸರ್ಕಾರ ಮನರಂಜನಾ ತೆರಿಗೆ ಮನ್ನಾ ಮಾಡ್ತು, ಗ್ರಾಹಕ ಸಂಘಟನೆಯೊಂದು ಕೋರ್ಟಿಗೆ ಹೋಯ್ತು. ಆ 3.34 ಕೋಟಿ ರೂಪಾಯಿಯ ವಿಷಯ ಬಗೆಹರಿದು ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಜನವರಿಯಲ್ಲಿ! ಅಷ್ಟರಲ್ಲಿ ಹಾಡಿದವರು ತೀರಿಕೊಂಡು ಹನ್ನೊಂದು ವರ್ಷ ದಾಟಿತ್ತು. ಒಂದು ಸಂಜೆಯ ಕಾರ್ಯಕ್ರಮಕ್ಕೆ ಇಪ್ಪತ್ತನಾಲ್ಕು ವರ್ಷದ ಫೈಲು. ಮನರಂಜನಾ ತೆರಿಗೆ ಆಗ ರಾಜ್ಯಕ್ಕೊಂದು ಥರ ಇತ್ತು. 2017ರಲ್ಲಿ ಜಿಎಸ್‌ಟಿ ಬರೋವರೆಗೂ ಪ್ರತಿ ಆಯೋಜಕನಿಗೂ ಇದು ತಲೆನೋವೇ.

ಅದೇ 1996ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೀತು. ರೈತ ಸಂಘದ ನಂಜುಂಡಸ್ವಾಮಿಯವರ ವಿರೋಧ, ಬೀದಿ ಬೀದಿಯಲ್ಲಿ ಪೊಲೀಸರು, ನೆನಪಿದೆಯಾ? ನಾನಾಗ ಪ್ರೈಮರಿ ಸ್ಕೂಲು, ಪೇಪರ್‌ನಲ್ಲಿ ಫೋಟೋ ನೋಡಿದ್ದಷ್ಟೇ. ಆದರೆ ಆ ವರ್ಷ ಬೆಂಗಳೂರಿನಲ್ಲಿ ಇನ್ನೊಂದು ಘಟನೆ ನಡೀತು, ನಮ್ಮ ಕಥೆಗೆ ಅದೇ ಮುಖ್ಯ. ಕರ್ನಾಟಕ ಸರ್ಕಾರ ಬೆಂಗಳೂರು ಅರಮನೆಯನ್ನೂ ಅದರ ಸುತ್ತಲಿನ 472 ಎಕರೆಯನ್ನೂ ಸ್ವಾಧೀನ ಮಾಡಿಕೊಳ್ಳೋಕೆ ಕಾನೂನು ತಂತು. ಪರಿಹಾರ 11 ಕೋಟಿ ರೂಪಾಯಿ. ಒಡೆಯರ್ ಕುಟುಂಬ ಕೋರ್ಟಿಗೆ ಹೋಯ್ತು. 1997ರಲ್ಲಿ ಹೈಕೋರ್ಟ್ ಕಾನೂನನ್ನು ಎತ್ತಿಹಿಡೀತು, ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು, ಅಲ್ಲೇ ದಶಕಗಟ್ಟಲೆ ಕೂತುಬಿಡ್ತು.

ಈಗ ಯೋಚನೆ ಮಾಡಿ. ಊರಿನ ನಟ್ಟನಡುವೆ ನಾನೂರಕ್ಕೂ ಹೆಚ್ಚು ಎಕರೆ ಜಾಗ. ಸರ್ಕಾರ ಪಾರ್ಕ್ ಮಾಡೋ ಹಾಗಿಲ್ಲ, ಮನೆಯವರು ಅಪಾರ್ಟ್‌ಮೆಂಟ್ ಕಟ್ಟೋ ಹಾಗಿಲ್ಲ. ಆದರೆ ನಾಲ್ಕು ದಿನಕ್ಕೆ ಶಾಮಿಯಾನ ಹಾಕಿ ಮದುವೆ ಮಾಡಬಹುದು, ಎಕ್ಸಿಬಿಷನ್ ಮಾಡಬಹುದು, ಉಕ್ಕಿನ ವೇದಿಕೆ ನಿಲ್ಲಿಸಿ ರಾಕ್ ಷೋನೂ ಮಾಡಬಹುದು. ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು: ಬೆಂಗಳೂರಿನ ರಾಕ್ ಯುಗ ಅನ್ನೋದು ಆ ವ್ಯಾಜ್ಯದ ಉಪ ಉತ್ಪನ್ನ. ಐಟಿ ಹುಡುಗರ ಸಂಬಳ, ಪಬ್ ಸಂಸ್ಕೃತಿ, ಕಾಲೇಜು ಬ್ಯಾಂಡ್‌ಗಳು ಎಲ್ಲಾ ಇತ್ತು, ಒಪ್ತೀನಿ. ಅವು ಇಲ್ಲದಿದ್ದರೆ ಟಿಕೆಟ್ ಕೊಳ್ಳೋರು ಯಾರು? ಆದರೆ ಟಿಕೆಟ್ ಕೊಂಡವರನ್ನು ನಿಲ್ಲಿಸೋಕೆ ನೆಲ ಬೇಕಲ್ಲ. ಆ ನೆಲವನ್ನು ನಗರ ಯೋಚಿಸಿ ಕಟ್ಟಿದ್ದಲ್ಲ. ಕೇಸು ಮುಗಿಯದೇ ಇದ್ದಿದ್ದರಿಂದ ಉಳಿದಿದ್ದು.

ಪಟ್ಟಿ ನೋಡಿ. 2001ರಲ್ಲಿ ಡೀಪ್ ಪರ್ಪಲ್. 2002ರ ಏಪ್ರಿಲ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್. 2003ರ ಏಪ್ರಿಲ್ 4ಕ್ಕೆ ರೋಲಿಂಗ್ ಸ್ಟೋನ್ಸ್. ಈ ಕೊನೆಯದರ ಮುಂದೆ ಸ್ವಲ್ಪ ನಿಲ್ಲೋಣ. ಬ್ಯಾಂಡ್ ಶುರುವಾಗಿ ನಲವತ್ತು ವರ್ಷ ಆದ ನೆಪದಲ್ಲಿ ಲಿಕ್ಸ್ ಅನ್ನೋ ಟೂರ್ ಹೊರಟಿತ್ತು. ಆ ವರ್ಷ ಸಾರ್ಸ್ ರೋಗ ಹಬ್ಬಿ ಹಾಂಗ್‌ಕಾಂಗ್, ಶಾಂಘೈ, ಬೀಜಿಂಗ್ ಕಾರ್ಯಕ್ರಮಗಳು ರದ್ದಾದವು. ಭಾರತ ಉಳೀತು. ಸ್ಟೋನ್ಸ್ ತಮ್ಮ ಬದುಕಿನಲ್ಲಿ ಭಾರತದಲ್ಲಿ ಮೊದಲ ಸಲ ಹಾಡಿದ್ದು ಮುಂಬೈನಲ್ಲಲ್ಲ, ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ, ಬೇಸಿಗೆ ಮಳೆಯಲ್ಲಿ. ಮುಂಬೈಗೆ ಹೋಗಿದ್ದು ಮೂರು ದಿನ ಆದಮೇಲೆ. 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಜೂನ್‌ನಲ್ಲಿ ಏರೋಸ್ಮಿತ್.

2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದಿದ್ದು ಬೇರೆಯದೇ ತೂಕದ ಘಟನೆ. ಆ ಮಟ್ಟದ ಹೆವಿ ಮೆಟಲ್ ಬ್ಯಾಂಡ್ ಒಂದು ಭಾರತದಲ್ಲಿ ತನ್ನದೇ ಪೂರ್ಣ ಕಾರ್ಯಕ್ರಮ ಕೊಟ್ಟಿದ್ದು ಅದೇ ಮೊದಲು. ಗುವಾಹಟಿ, ಶಿಲ್ಲಾಂಗ್, ಚೆನ್ನೈನಿಂದೆಲ್ಲಾ ಹುಡುಗರು ರೈಲು ಹತ್ತಿ ಬಂದಿದ್ದರು. ಮುಂದಿನ ವರ್ಷ ಬ್ಯಾಂಡ್ ಇನ್ನೊಂದು ಕೆಲಸ ಮಾಡ್ತು. ಒಂದು ಬೋಯಿಂಗ್ 757 ವಿಮಾನ ತಗೊಂಡು, ಹಿಂದಿನ ಸೀಟುಗಳನ್ನು ಕಿತ್ತು ಸಾಮಾನಿಗೆ ಜಾಗ ಮಾಡಿ, ಹಾಡುಗಾರ ಬ್ರೂಸ್ ಡಿಕಿನ್ಸನ್ ತಾವೇ ಪೈಲಟ್ ಆಗಿ ಹಾರಿಸಿಕೊಂಡು ಹೊರಟರು. 45 ದಿನ, ಸುಮಾರು 50,000 ಮೈಲಿ. ಆ ಟೂರ್‌ನ ಮೊದಲ ಕಾರ್ಯಕ್ರಮ 2008ರ ಫೆಬ್ರವರಿ 1ರಂದು ಮುಂಬೈನಲ್ಲಿ. ಫ್ಲೈಟ್ 666 ಅನ್ನೋ ಸಾಕ್ಷ್ಯಚಿತ್ರದಲ್ಲಿ ಇದೆಲ್ಲಾ ಇದೆ, ನೋಡದವರು ನೋಡಿ. ಎಂಜಿನಿಯರ್ ಕಣ್ಣಲ್ಲಿ ನೋಡಿದರೆ ಅದು ಲಾಜಿಸ್ಟಿಕ್ಸ್ ಸಿನಿಮಾ. ಜನರೂ ಸಾಮಾನೂ ಒಂದೇ ವಿಮಾನದಲ್ಲಿ ಬಂದರೆ, ಲೆಕ್ಕಕ್ಕೆ ಕೂಡದ ಊರುಗಳೂ ಲೆಕ್ಕಕ್ಕೆ ಕೂಡ್ತವೆ. 2009ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿಗೆ ಮತ್ತೆ ಬಂದರು.

2011ರ ಅಕ್ಟೋಬರ್ 30, ಮೆಟಾಲಿಕಾ. ನಾನಾಗ ಹುಬ್ಬಳ್ಳಿಯಲ್ಲಿ ಬಿಇ ಕೊನೇ ವರ್ಷ. ನಾಲ್ಕು ಜನ ರಾತ್ರಿ ಬಸ್ಸಿಗೆ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಮೇಖ್ರಿ ಸರ್ಕಲ್ ಕಡೆ ನಡೆದವರು. ಎರಡು ದಿನ ಮುಂಚೆ ಗುರುಗ್ರಾಮದಲ್ಲಿ ಅವರ ಕಾರ್ಯಕ್ರಮ ಬ್ಯಾರಿಕೇಡ್ ಸಮಸ್ಯೆಯಿಂದ ರದ್ದಾಗಿ, ಜನ ವೇದಿಕೆ ಮುರಿದು, ಆಯೋಜಕರ ಬಂಧನವೂ ಆಗಿತ್ತು. ಹಾಗಾಗಿ ಬೆಂಗಳೂರಲ್ಲೂ ನಡೆಯುತ್ತೋ ಇಲ್ಲವೋ ಅಂತ ಬಸ್ಸಲ್ಲಿ ನಿದ್ದೆ ಬರಲಿಲ್ಲ. ನಡೀತು. ಕಾಲ ಕೆಳಗೆ ಕೆಸರು, ಸುತ್ತ ಕಪ್ಪು ಟೀಶರ್ಟ್, ಯಾರೋ ಗೊತ್ತಿಲ್ಲದವರು ಬಾಟಲಿ ನೀರು ಕೈ ದಾಟಿಸ್ತಿದ್ದರು. ಅಷ್ಟು ಜನ ಆ ಸಂಜೆ ಶಿಸ್ತಾಗಿ ನಡಕೊಂಡರು ಅನ್ನೋದನ್ನ ಈಗಲೂ ಹೆಮ್ಮೆಯಿಂದ ಹೇಳ್ತೀನಿ. ದೆಹಲಿಯಲ್ಲಿ ಆಗದೇ ಇದ್ದಿದ್ದು ಬೆಂಗಳೂರಿನಲ್ಲಿ ಆಯ್ತು.

ನಾವು ಅವತ್ತು ಅಂದುಕೊಂಡಿದ್ದು: ಮೆಟಾಲಿಕಾನೇ ಬಂದಮೇಲೆ ಇನ್ನು ಎಲ್ಲರೂ ಬರ್ತಾರೆ. ಆಗಿದ್ದು ಬೇರೆ.

ಆಮೇಲಿನ ಹತ್ತು ವರ್ಷದಲ್ಲಿ ಟೂರ್‌ಗಳ ಗಾತ್ರವೇ ಬದಲಾಯ್ತು. ಸಿಡಿ ಮಾರಾಟ ಸತ್ತಮೇಲೆ, ಸ್ಟ್ರೀಮಿಂಗ್‌ನಲ್ಲಿ ಒಂದು ಹಾಡಿಗೆ ಪುಡಿಗಾಸು ಬರೋ ಕಾಲದಲ್ಲಿ, ಬ್ಯಾಂಡ್‌ಗಳಿಗೆ ದುಡ್ಡು ಬರೋದು ವೇದಿಕೆಯಿಂದಲೇ. ಮೊದಲು ಆಲ್ಬಂ ಮಾರೋಕೆ ಟೂರ್ ಮಾಡ್ತಿದ್ದರು, ಈಗ ಟೂರ್ ಮಾಡೋಕೆ ಆಲ್ಬಂ. ಮೈದಾನದಲ್ಲಿ ಮೂವತ್ತು ಸಾವಿರ ಜನ ನಿಂತರೆ ಸಾಲದು. ಕುರ್ಚಿ, ಬಾಕ್ಸ್, ಲೌಂಜ್ ಇರೋ ಸ್ಟೇಡಿಯಂ ಬೇಕು, ಅದರಲ್ಲಿ ಒಂದೇ ವೇದಿಕೆಯಲ್ಲಿ ಎರಡು ಮೂರು ರಾತ್ರಿ ಮಾಡಬೇಕು. ಖರ್ಚು ಹಂಚಿಹೋಗೋದು ಹಾಗೆ. ನೆರೂಳ್‌ನ ಡಿ.ವೈ. ಪಾಟೀಲ್ ಸ್ಟೇಡಿಯಂ 2008ರಲ್ಲಿ ಶುರುವಾಗಿತ್ತು. 2019ರ ಡಿಸೆಂಬರ್ 15ಕ್ಕೆ ಯು2 ಬ್ಯಾಂಡ್ ತನ್ನ ಜೋಶುವಾ ಟ್ರೀ ಟೂರ್ ತಂದಿದ್ದು ಅಲ್ಲಿಗೇ. ಬೆಂಗಳೂರಿನ ಚಿನ್ನಸ್ವಾಮಿ ಊರ ಮಧ್ಯದಲ್ಲಿದೆ, ಚಿಕ್ಕದು, ಲಾರಿಗಳು ಸುತ್ತೋಕೆ ಜಾಗ ಇಲ್ಲ. 2025ರ ಜೂನ್ 4ರಂದು ಅದರ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಬಿಟ್ಟರು. ಅವತ್ತು ಅಲ್ಲಿ ಸಂಗೀತ ಇರಲಿಲ್ಲ, ಕ್ರಿಕೆಟ್ ಕಪ್ಪಿನ ಸಂಭ್ರಮ ಇತ್ತು. ಆದರೆ ಆ ಊರಲ್ಲಿ ದೊಡ್ಡ ಗುಂಪನ್ನು ಸುರಕ್ಷಿತವಾಗಿ ಒಳಗೆ ಬಿಟ್ಟು ಹೊರಗೆ ಕಳಿಸೋ ಜಾಗ ಎಲ್ಲಿದೆ ಅನ್ನೋ ಪ್ರಶ್ನೆಗೆ ಅದಕ್ಕಿಂತ ಕ್ರೂರವಾದ ಉತ್ತರ ಬೇಕಿಲ್ಲ.

ಈಗ ಕೋಲ್ಡ್‌ಪ್ಲೇಗೆ ಬರೋಣ. ಈ ಬ್ಯಾಂಡ್ ಭಾರತದಲ್ಲಿ ಮೊದಲ ಸಲ ವೇದಿಕೆ ಹತ್ತಿದ್ದು 2016ರ ನವೆಂಬರ್‌ನಲ್ಲಿ, ಮುಂಬೈನ ಗ್ಲೋಬಲ್ ಸಿಟಿಜನ್ ಕಾರ್ಯಕ್ರಮದಲ್ಲಿ. 2019ರಲ್ಲಿ, ಪರಿಸರಕ್ಕೆ ಹಾನಿ ಕಮ್ಮಿ ಮಾಡೋ ದಾರಿ ಸಿಗೋವರೆಗೂ ಟೂರ್ ಮಾಡಲ್ಲ ಅಂದರು. ಆಮೇಲೆ 2022ರ ಮಾರ್ಚ್ 18ರಂದು ಕೋಸ್ಟರಿಕಾದಿಂದ ಮ್ಯೂಸಿಕ್ ಆಫ್ ದಿ ಸ್ಫಿಯರ್ಸ್ ಟೂರ್ ಶುರು ಮಾಡಿದರು. ಕಾರಿನ ಬ್ಯಾಟರಿಗಳನ್ನು ಜೋಡಿಸಿ ವೇದಿಕೆಗೆ ವಿದ್ಯುತ್, ಜನ ಕುಣಿದರೆ ಕರೆಂಟ್ ಹುಟ್ಟಿಸೋ ನೆಲಹಾಸು, ತುಳಿಯೋ ಸೈಕಲ್‌ಗಳು, ಸಸ್ಯಮೂಲದ ಪ್ಲಾಸ್ಟಿಕ್‌ನಲ್ಲಿ ಮಾಡಿ ವಾಪಸ್ ಪಡೆಯೋ ಕೈಪಟ್ಟಿ. ಹಿಂದಿನ ಟೂರ್‌ಗೆ ಹೋಲಿಸಿದರೆ ಒಂದೊಂದು ಕಾರ್ಯಕ್ರಮದ ಇಂಗಾಲ 59 ಶೇಕಡಾ ಕಮ್ಮಿ ಅಂತ 2024ರಲ್ಲಿ ಅವರೇ ಲೆಕ್ಕ ಕೊಟ್ಟರು. ಪ್ರಯತ್ನಕ್ಕೆ ಮೆಚ್ಚುಗೆ ಇದೆ. ಆದರೆ ಪ್ರೇಕ್ಷಕರ ಪ್ರಯಾಣವೂ ಹೊಗೆಯೇ ಅಲ್ವಾ? ದೊಡ್ಡ ದೇಶದಲ್ಲಿ ಎರಡೇ ಊರಲ್ಲಿ ನಿಂತರೆ ಮಿಕ್ಕವರೆಲ್ಲಾ ಕಾರು, ವಿಮಾನ ಹಿಡಿದು ಬರಲೇಬೇಕು.

ಟಿಕೆಟ್ ಮಾರಾಟ 2024ರ ಸೆಪ್ಟೆಂಬರ್ 22, ಭಾನುವಾರ ಮಧ್ಯಾಹ್ನ 12ಕ್ಕೆ. 2,500 ರೂಪಾಯಿಯಿಂದ 35,000ದವರೆಗೆ. ಮಾರಾಟ ಮಾಡಿದ ಬುಕ್‌ಮೈಶೋ ಹೇಳಿದ ಪ್ರಕಾರ ಅವತ್ತು ಪ್ರಯತ್ನಿಸಿದವರು 1.3 ಕೋಟಿ ಜನ. ಸ್ಟೇಡಿಯಂಗೆ ಐವತ್ತು ಸಾವಿರ ಅಂತ ಇಟ್ಟುಕೊಳ್ಳಿ, ಅದೇ ದಿನ ಸೇರಿಸಿದ ಮೂರನೇ ಕಾರ್ಯಕ್ರಮವೂ ಸೇರಿ ಒಂದೂವರೆ ಲಕ್ಷ. ಅಂದ್ರೆ ನೂರು ಜನರಲ್ಲಿ ಒಬ್ಬರಿಗೆ. ಸರ್ವರ್ ಎಷ್ಟು ದೊಡ್ಡದು ಮಾಡಿದರೂ ಮಿಕ್ಕ ತೊಂಬತ್ತೊಂಬತ್ತು ಜನಕ್ಕೆ ಸೀಟು ಹುಟ್ಟಲ್ಲ. ನಮ್ಮ ಕೆಲಸದಲ್ಲಿರೋರಿಗೆ ಗೊತ್ತು, ವರ್ಚುವಲ್ ಕ್ಯೂ ಅನ್ನೋದು ನ್ಯಾಯ ಕೊಡೋಕೆ ಇರೋದಲ್ಲ, ಡೇಟಾಬೇಸ್ ಬೀಳದ ಹಾಗೆ ಜನರನ್ನು ಹೊರಗೆ ಕೂರಿಸೋಕೆ ಇರೋದು. ಆಮೇಲೆ ಮರುಮಾರಾಟದ ಸೈಟುಗಳಲ್ಲಿ ಬೆಲೆ ಲಕ್ಷ ದಾಟಿತು, ಪೊಲೀಸ್ ವಿಚಾರಣೆ, ಇ.ಡಿ. ದಾಳಿ ಎಲ್ಲಾ ಆಯ್ತು. ಬಾಂಬೆ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. ಇದು ಕಾನೂನು ಮಾಡೋರು ನೋಡಬೇಕಾದ ವಿಷಯ ಅಂತ 2025ರ ಜನವರಿಯಲ್ಲಿ ಕೋರ್ಟ್ ಅದನ್ನು ವಜಾ ಮಾಡ್ತು.

ಜನವರಿ 18, 19, 21 ನೆರೂಳ್. 25, 26 ಅಹಮದಾಬಾದ್. ಅಲ್ಲಿಗೆ ರೈಲ್ವೆ ಇಲಾಖೆ ಮುಂಬೈನಿಂದ ವಿಶೇಷ ರೈಲು ಬಿಡ್ತು. ಪಂಢರಪುರದ ಏಕಾದಶಿಗೆ ಬಿಡ್ತಾರಲ್ಲ, ಹಾಗೆ! ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಸ್ಟೇಡಿಯಂನಲ್ಲಿ ಒಂದೊಂದು ರಾತ್ರಿ ಲಕ್ಷಕ್ಕೂ ಹೆಚ್ಚು ಜನ. 26ರ ಕಾರ್ಯಕ್ರಮ ಹಾಟ್‌ಸ್ಟಾರ್‌ನಲ್ಲಿ ನೇರ ಪ್ರಸಾರ ಆಯ್ತು. ನಾನು ನೋಡಿದ್ದು ಇಲ್ಲೇ ಮನೆಯಲ್ಲಿ, ಟೀವಿ ಮುಂದೆ.

ಅದೇ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಏನಾಗ್ತಿತ್ತು ಗೊತ್ತಾ? ರಸ್ತೆ ಅಗಲ ಮಾಡೋಕೆ ಪ್ಯಾಲೇಸ್ ಗ್ರೌಂಡ್ಸ್‌ನ ಹದಿನೈದು ಎಕರೆ ಚಿಲ್ಲರೆಗೆ ಪರಿಹಾರವಾಗಿ ಎಷ್ಟು ಟಿಡಿಆರ್ ಕೊಡಬೇಕು ಅನ್ನೋ ಜಗಳದಲ್ಲಿ ಸರ್ಕಾರ ಸುಗ್ರೀವಾಜ್ಞೆ ತರ್ತಿತ್ತು. 1996ರಲ್ಲಿ ಶುರುವಾದ ಕೇಸು ಇನ್ನೂ ನಡೀತಿದೆ. ಅದರಿಂದ ನಮಗೆ ಬಿದ್ದಿದ್ದ ಲಾಭ ಮಾತ್ರ ಮುಗಿದಿದೆ.

ಇನ್ನೊಂದು ದಿಕ್ಕಿನ ಟೂರ್ ಬಗ್ಗೆ ಹೇಳದಿದ್ದರೆ ಅನ್ಯಾಯ ಆಗುತ್ತೆ. ರಘು ದೀಕ್ಷಿತ್ ಹುಟ್ಟಿದ್ದು ಇದೇ ಮಹಾರಾಷ್ಟ್ರದ ನಾಸಿಕ್‌ನಲ್ಲಿ, ಬೆಳೆದಿದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿ ಎಂಎಸ್ಸಿ, ಭರತನಾಟ್ಯ ಕಲಿತವರು, ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ ಬಿಟ್ಟು ಬಂದವರು. ಅವರ ತಂಡ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಶಿಶುನಾಳ ಶರೀಫರ ಪದಗಳನ್ನು ರಾಕ್ ಗಿಟಾರ್ ಜೊತೆ ಹಾಡ್ತಾ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮಕ್ಕೂ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೂ ಹೋಯ್ತು. ಅರ್ಥ ಒಂದಕ್ಷರ ಗೊತ್ತಿಲ್ಲದ ಇಂಗ್ಲಿಷರು ಕೆಸರಲ್ಲಿ ನಿಂತು ಕುಣಿದರು. ಅದಕ್ಕೆ ಉಕ್ಕಿನ ಮೂರು ಸೆಟ್ ಬೇಕಾಗಲಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಬೆಂಗಳೂರಿಗೆ ಬಂದಾಗ ವೇದಿಕೆ ಮೇಲೆ ಹಾಡಿದ್ದು ತೆಲುಗು ಸಿನಿಮಾದ ಹಾಡು. ಅವರ ಮೇಲೆ ಸಿಟ್ಟಿಲ್ಲ, ಪಾಪ, ಯಾರೋ ಕಲಿಸಿದ್ದನ್ನ ಹಾಡಿದ್ದಾರೆ. ಕಲಿಸೋ ಜಾಗದಲ್ಲಿ ಕನ್ನಡದವರು ಇರಲಿಲ್ಲ ಅಷ್ಟೇ. ಅದೇ ಭಾನುವಾರ ಬೆಳಿಗ್ಗೆ ಚರ್ಚ್ ಸ್ಟ್ರೀಟ್‌ನ ಫುಟ್‌ಪಾತ್ ಮೇಲೆ ಅವರು ಹಾಡ್ತಿದ್ದಾಗ ಪೊಲೀಸರು ಬಂದು ಮೈಕಿನ ವೈರ್ ಕಿತ್ತಿದ್ದು ಜಗತ್ತೆಲ್ಲಾ ನೋಡ್ತು.

ಲಿಂಕಿನ್ ಪಾರ್ಕ್‌ನ ಫ್ರಮ್ ಝೀರೋ ಟೂರ್‌ನ ಪಟ್ಟಿಯಲ್ಲಿ 2026ರ ಜನವರಿ 23ರ ಮುಂದೆ ಬೆಂಗಳೂರು ಅಂತ ಇದ್ದಿದ್ದು ನೋಡಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬ. ಜಾಗ ಮಾತ್ರ ಊರೊಳಗೆ ಅಲ್ಲ, ದೇವನಹಳ್ಳಿ ಕಡೆ, ಖಾಸಗಿ ಮೈದಾನ. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನಡೆದು ಹೋಗೋ ದೂರ ಅಲ್ಲ ಅದು. ಮೆಟಾಲಿಕಾಗೆ ನನ್ನ ಜೊತೆ ಬಂದಿದ್ದ ಮೂವರಲ್ಲಿ ಒಬ್ಬ ಈಗ ಸಿಯಾಟಲ್‌ನಲ್ಲಿ, ಒಬ್ಬ ಹೈದರಾಬಾದ್‌ನಲ್ಲಿ. ಮೂರನೆಯವನು ಬೆಂಗಳೂರಲ್ಲೇ ಇದ್ದಾನೆ. ಪಟ್ಟಿ ನೋಡಿದ ದಿನ ಅವನು ಮೊದಲು ಕೇಳಿದ್ದು ಟಿಕೆಟ್ ಎಷ್ಟು ಅಂತ ಅಲ್ಲ, "ಅಲ್ಲಿಂದ ರಾತ್ರಿ ವಾಪಸ್ ಬರೋಕೆ ಬಸ್ ಇರುತ್ತಾ?" ಅಂತ.